ಇಂಗ್ಲಿಷ್ ಮೇಷ್ಟ್ರು ಬಿ.ಎಂ.ಶ್ರೀ

ವಿಜಯನಗರದಲ್ಲಿ ಪದವಿಗೆ ಸೇರಲು ತಯಾರಾಗುತ್ತಿರುವ ದೊಡ್ಡವರಿಗೆ ಸಂಜೆ ಇಂಗ್ಲಿಷ್ ಪದ್ಯಪಾಠ ಮಾಡಲು ಹೋಗಿದ್ದೆ. ನ್ಯೂಮನ್ನನ ಬೆಳಕಿನ ಪ್ರಾರ್ಥನೆಯನ್ನು ಶಬ್ದಾರ್ಥ ಬರೆಸಿ ಮುಗಿಸಿದೆ. ಯಾರೂ ತಲೆ ಎತ್ತಲಿಲ್ಲ. ಹೊರಡುವಾಗ ಒಬ್ಬ ಅಮ್ಮ, ಇದು ನಾವು ಶಾಲೆಯಲ್ಲಿ ಹಾಡುತ್ತಿದ್ದ ಕನ್ನಡ ಹಾಡಲ್ಲವೇ ಮೇಡಂ ಎಂದು ಕೇಳಿದರು. ವಿಜ್ಞಾನ ಓದಿದ ನನಗೆ ಅದು ಹೊಳೆದೇ ಇರಲಿಲ್ಲ. ಆ ವಾರ ಕನ್ನಡಕ್ಕೆ ಅದನ್ನು ತಂದವರ ಜೀವನ ಓದಿದೆ.

ನಾಗಮಂಗಲದ ಬೆಳ್ಳೂರಿನ ಮನೆತನದ ಬಿ.ಎಂ.ಶ್ರೀಕಂಠಯ್ಯ ಹುಟ್ಟಿದ್ದು 1884ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, ಆಮೇಲೆ ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಪಾಠ ಇಂಗ್ಲಿಷಿನದು, ಚಿಂತೆ ಕನ್ನಡದ್ದು. 1911ರಲ್ಲೇ ಧಾರವಾಡಕ್ಕೆ ಹೋಗಿ ಕನ್ನಡ ತಲೆ ಎತ್ತುವ ಬಗೆಯನ್ನು ಕುರಿತು ಉಪನ್ಯಾಸ ಕೊಟ್ಟರು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್ ಎಲ್ಲರೂ ಇದ್ದಾರೆ. ಪದಕ್ಕೆ ಪದ ಇಡುವ ಕೆಲಸ ಅದಲ್ಲ. ಆದಿಪ್ರಾಸದ ಕಟ್ಟು ಸಡಿಲಿಸಿ ಮಾತ್ರೆಗಳ ಹೊಸ ನಡೆ ಕಂಡುಕೊಂಡರು. ನನ್ನನ್ನು ಹೆಚ್ಚು ಹಿಡಿದದ್ದು ‘ಅಶ್ವತ್ಥಾಮನ್’. ಸೋಫೋಕ್ಲಿಸನ ಗ್ರೀಕ್ ವೀರ ಅಯಾಸನ ದುರಂತವನ್ನು ಮಹಾಭಾರತದ ಅಶ್ವತ್ಥಾಮನಿಗೆ ಹೊಂದಿಸಿದ ನಾಟಕ. ಗೊತ್ತಿದ್ದದ್ದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕೆಂದು ನಾವು ಪಾಠಯೋಜನೆಯಲ್ಲಿ ಬರೆಯುತ್ತೇವೆ, ಅವರು ಮಾಡಿದ್ದರು!

ನಿವೃತ್ತಿಯ ನಂತರವೂ ಧಾರವಾಡದಲ್ಲಿ ಕಾಲೇಜೊಂದರ ಪ್ರಿನ್ಸಿಪಾಲರಾದರು. 1946ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಮುಂದಿನ ತರಗತಿಯಲ್ಲಿ ಆ ಅಮ್ಮನಿಂದಲೇ ಹಾಡಿಸಿದೆ. ಆಮೇಲೆ ಇಂಗ್ಲಿಷ್ ಪದ್ಯವನ್ನು ಸಾಲುಸಾಲಾಗಿ ಅವರೇ ಬಿಡಿಸಿದರು. ಯೋಜನೆಯ ಅರ್ಧ ಉಳಿದುಹೋಯಿತು. ಸಮಯಪಾಲನೆಯ ಅಂಕ ನನಗೆ ಸಿಗಲಿಲ್ಲ.