ನೀಲಿ ಮಕ್ಕಳ ಹೊಣೆ ಹೊತ್ತ ವೈದ್ಯೆ

ಹುಟ್ಟಿನಿಂದಲೇ ಹೃದಯದೋಷವಿರುವ ಮಗುವಿಗೆ ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕೆಲಸ. ಆರೈಕೆ ಮಾತ್ರ ಜೀವಮಾನದ್ದು. ಈ ಅರಿವನ್ನು ವೈದ್ಯಪದ್ಧತಿಯಾಗಿ ರೂಪಿಸಿದವರಲ್ಲಿ ಅಮೆರಿಕದ ಹೆಲೆನ್ ಟೌಸಿಗ್ (1898–1986) ಅಗ್ರಗಣ್ಯರು.

ಅಂತರರಾಷ್ಟ್ರೀಯ ವ್ಯಾಪಾರದ ಅಧ್ಯಯನಕ್ಕೆ ಹೆಸರಾದ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಫ್ರಾಂಕ್ ಟೌಸಿಗ್ ಅವರ ಮಗಳು ಹೆಲೆನ್. ಬಾಲ್ಯದಲ್ಲೇ ತಾಯಿ ಕ್ಷಯಕ್ಕೆ ಬಲಿಯಾದರು. ಅಕ್ಷರ ಗುರುತಿಸುವುದೇ ಆಕೆಗೆ ಪ್ರಯಾಸವಾಗಿತ್ತು. ಹಾರ್ವರ್ಡ್ ಆಗ ಮಹಿಳೆಯರಿಗೆ ವೈದ್ಯಪದವಿ ಕೊಡುತ್ತಿರಲಿಲ್ಲ. ಆದ್ದರಿಂದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಸೇರಿ 1927ರಲ್ಲಿ ಎಂ.ಡಿ. ಪಡೆದರು. 1930ರಲ್ಲಿ ಅಲ್ಲಿನ ಮಕ್ಕಳ ಹೃದ್ರೋಗ ಚಿಕಿತ್ಸಾಲಯದ ಹೊಣೆ ಹೊತ್ತರು. ಶ್ರವಣಶಕ್ತಿ ಕುಂದಿದಾಗ ಅಂಗೈ ಸ್ಪರ್ಶದಿಂದಲೇ ಹೃದಯದ ಮಿಡಿತವನ್ನು ಅರಿಯುವುದನ್ನು ರೂಢಿಸಿಕೊಂಡರು.

ಮೈ ನೀಲಿಗಟ್ಟಿದ ಶಿಶುಗಳಿಗೆ ಅಂದು ಚಿಕಿತ್ಸೆಯೇ ಇರಲಿಲ್ಲ. ಅವುಗಳಿಗೆ ಮುಖ್ಯ ಕುತ್ತು ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ತಲುಪದಿರುವುದೆಂದು ಟೌಸಿಗ್ ಕಂಡುಕೊಂಡರು. ಜನನಾನಂತರ ಮುಚ್ಚಿಹೋಗುವ ನಾಳವೊಂದು ತೆರೆದೇ ಉಳಿದ ಮಕ್ಕಳು ಕೊಂಚ ಚೇತರಿಸಿಕೊಂಡಿರುತ್ತಿದ್ದುದು ಅದಕ್ಕೆ ಆಧಾರ. ಅಂಥ ನಾಳವನ್ನು ಕೃತಕವಾಗಿ ನಿರ್ಮಿಸಬಾರದೇಕೆ ಎಂಬ ಆಕೆಯ ಪ್ರಶ್ನೆಯನ್ನು ಬಾಸ್ಟನ್‌ನ ಖ್ಯಾತ ಶಸ್ತ್ರವೈದ್ಯರೊಬ್ಬರು ತಳ್ಳಿಹಾಕಿದರು. ಆಲ್ಫ್ರೆಡ್ ಬ್ಲೇಲಾಕ್ ಒಪ್ಪಿದರು. ಅವರ ಸಹಾಯಕ, ಕಪ್ಪುವರ್ಣೀಯ ವಿವಿಯನ್ ಥಾಮಸ್ ಪ್ರಯೋಗಾಲಯದಲ್ಲಿ ವಿಧಾನವನ್ನು ಸಿದ್ಧಪಡಿಸಿದರು. 1944ರ ನವೆಂಬರ್ 29ರಂದು ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಆ ಶಿಶು ಚೇತರಿಸಿಕೊಂಡರೂ ಕೆಲವು ತಿಂಗಳ ಬಳಿಕ ಅಸುನೀಗಿತು. ನಂತರದ ಮಕ್ಕಳು ಬದುಕಿದರು. ಥಾಮಸ್ ಅವರಿಗೆ ಸಲ್ಲಬೇಕಾದ ಮನ್ನಣೆ ದಶಕಗಳಷ್ಟು ತಡವಾಯಿತೆಂಬುದನ್ನೂ ಮರೆಯಲಾಗದು.

ಟೌಸಿಗ್ ಅವರ ಹಿರಿಮೆ ಅಷ್ಟಕ್ಕೇ ಸೀಮಿತವಲ್ಲ. 1963ರಲ್ಲಿ ನಿವೃತ್ತರಾದ ಮೇಲೂ, ತಾವು ಕಂಡ ಮಕ್ಕಳು ದೊಡ್ಡವರಾಗಿ ಹೇಗೆ ಬದುಕುತ್ತಿದ್ದಾರೆಂದು ಬೆನ್ನುಹತ್ತಿ ದಾಖಲಿಸಿದರು. 1962ರಲ್ಲಿ ಜರ್ಮನಿಗೆ ತೆರಳಿ ಥಾಲಿಡೋಮೈಡ್ ಮಾತ್ರೆಯಿಂದಾದ ಅಂಗವೈಕಲ್ಯಗಳನ್ನು ಕಣ್ಣಾರೆ ಕಂಡು, ಅಮೆರಿಕದ ಶಾಸಕರನ್ನು ಎಚ್ಚರಿಸಿದರು. 1986ರಲ್ಲಿ ಕಾರು ಅಪಘಾತದಲ್ಲಿ ನಿಧನರಾದರು.

ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳ ದೋಷಗಳನ್ನು ಗುರುತಿಸುವ ಸ್ತುತ್ಯ ಯೋಜನೆ. ಆದರೆ ಗುರುತಿಸುವುದು ಮೊದಲ ಮೆಟ್ಟಿಲಷ್ಟೆ. ಹೃದಯ, ಶ್ರವಣ, ಬೆಳವಣಿಗೆ ಮೂರರಲ್ಲೂ ತೊಂದರೆಯಿರುವ ಮಗು ಮೂರು ವಿಭಾಗಗಳ ಮೂರು ಕಡತಗಳಾಗಿಬಿಡಬಾರದು. ಪ್ರತಿಯೊಂದು ಮಗುವಿಗೂ ಉತ್ತರದಾಯಿಯಾದ ಒಬ್ಬ ವ್ಯಕ್ತಿಯನ್ನು ಜಿಲ್ಲಾ ಮಟ್ಟದಲ್ಲಿ ಹೆಸರಿಸಬೇಕು. ಇದಕ್ಕೆ ಬೇಕಿರುವುದು ಹೊಸ ಕಟ್ಟಡವಲ್ಲ, ಹೊಣೆಯ ಸ್ಪಷ್ಟ ಹಂಚಿಕೆ.