ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ (ಮಾರ್ಚ್ 19, 1876 – ಜುಲೈ 4, 1955) ಭಾರತದ ಕ್ರಿಕೆಟ್ ಆಟಗಾರರು ಹಾಗೂ ಸಾರ್ವಜನಿಕ ಕಾರ್ಯಕರ್ತರು. ಎಡಗೈ ಸ್ಪಿನ್ ಬೌಲರ್ ಆಗಿದ್ದ ಇವರು, ಅಸ್ಪೃಶ್ಯತೆಯ ಆಚರಣೆ ಪ್ರಬಲವಾಗಿದ್ದ ಕಾಲದಲ್ಲಿ ಉನ್ನತ ದರ್ಜೆಯ ಕ್ರಿಕೆಟ್ಟಿನಲ್ಲಿ ಹೆಸರು ಗಳಿಸಿದ ಮೊದಲ ದಲಿತ ಆಟಗಾರರು. ಪ್ರತಿಭೆಯ ಬಲದಿಂದ ತಂಡದಲ್ಲಿ ಸ್ಥಾನ ಪಡೆದರೂ ನಾಯಕತ್ವದ ಗೌರವ ಮಾತ್ರ ಇವರಿಗೆ ದೊರೆಯಲಿಲ್ಲ.

ಜನನ ಮತ್ತು ಬಾಲ್ಯ

ಬಾಲೂ ಅವರು ಧಾರವಾಡದಲ್ಲಿ ಚರ್ಮಕಾರ ಸಮುದಾಯದ ಕುಟುಂಬವೊಂದರಲ್ಲಿ ಜನಿಸಿದರು. ಕೊಂಕಣ ಪ್ರದೇಶದ ಪಲ್ವಣ ಗ್ರಾಮ ಇವರ ಪೂರ್ವಜರ ಊರು. ಮನೆತನದ ಹೆಸರು ಬಂದದ್ದು ಅದರಿಂದಲೇ. ತಂದೆ ಸೈನ್ಯದ ಸೇವೆಯಲ್ಲಿದ್ದ ಕಾರಣ ಕುಟುಂಬ ಪುಣೆಯಲ್ಲಿ ನೆಲೆಸಿತು. ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಚೆಂಡುಗಳಿಂದ ಬಾಲೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಇನ್ನಿಬ್ಬರು ತಮ್ಮಂದಿರಾದ ಗಣಪತ್ ಮತ್ತು ವಿಠ್ಠಲ ಸಹ ಮುಂದೆ ಹೆಸರಾಂತ ಆಟಗಾರರಾದರು.

ಮೈದಾನದ ಕೆಲಸ

ಬಾಲೂ ಅವರ ಮೊದಲ ಉದ್ಯೋಗ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವುದಾಗಿತ್ತು. ತಿಂಗಳ ಸಂಬಳ 3 ರೂಪಾಯಿ. ಸುಮಾರು 1892ರಲ್ಲಿ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ನೆಟ್ ಕಟ್ಟುವುದರ ಜೊತೆಗೆ ಸದಸ್ಯರ ಅಭ್ಯಾಸಕ್ಕಾಗಿ ಚೆಂಡೆಸೆಯುವ ಕೆಲಸವೂ ಒದಗಿತು. ಪ್ರಸಿದ್ಧ ಬ್ಯಾಟ್ಸ್‌ಮನ್ ಜೆ. ಜಿ. ಗ್ರೇಗ್ ಅವರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡಿದ್ದರಿಂದ ಇವರ ಹಿಡಿತ ಪಕ್ವಗೊಂಡಿತು. ಆದರೆ ಅಲ್ಲಿ ಬ್ಯಾಟ್ ಹಿಡಿಯುವ ಅವಕಾಶ ಇವರಿಗಿರಲಿಲ್ಲ.

ಕ್ರಿಕೆಟ್ ಜೀವನ

ಯುರೋಪಿಯನ್ನರನ್ನು ಸೋಲಿಸಬಲ್ಲ ಬೌಲರ್ ಬೇಕಾಗಿದ್ದ ಪುಣೆಯ ಹಿಂದೂ ತಂಡ, ಕೆಲವು ಮೇಲ್ಜಾತಿಯ ಸದಸ್ಯರ ವಿರೋಧದ ನಡುವೆಯೂ ಬಾಲೂ ಅವರನ್ನು ಸೇರಿಸಿಕೊಂಡಿತು. ಅಂಗಳದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ವಿರಾಮದ ಹೊತ್ತಿನಲ್ಲಿ ಮಾತ್ರ ಇವರಿಗೆ ಪೆವಿಲಿಯನ್ನಿನ ಹೊರಗೆ, ಬಳಸಿ ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು.

ಪುಣೆಯಲ್ಲಿ ಪ್ಲೇಗ್ ಹರಡಿದ ಕಾಲದಲ್ಲಿ ಬಾಲೂ ಮುಂಬಯಿಗೆ ಬಂದರು. ಮೊದಲು ಸೈನ್ಯದಲ್ಲಿಯೂ ಅನಂತರ ರೈಲ್ವೆಯಲ್ಲಿಯೂ ನೌಕರಿ ಮಾಡುತ್ತ ಹಿಂದೂ ಜಿಮ್ಖಾನಾ ಪರವಾಗಿ ಆಡಿದರು. ಕಾಲಕ್ರಮೇಣ ಅಲ್ಲಿ ಸಹ ಆಟಗಾರರೊಡನೆ ಊಟಕ್ಕೆ ಕೂರುವಂತಾಯಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲೂ ಅವರ ಬೌಲಿಂಗ್ ನಿರ್ಣಾಯಕವಾಗಿತ್ತು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ತಂಡ ಹೆಚ್ಚಿನ ಪಂದ್ಯಗಳನ್ನು ಸೋತರೂ ಬಾಲೂ 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಇವುಗಳಲ್ಲಿ 75 ವಿಕೆಟ್‌ಗಳು ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಂದವು. ಒಟ್ಟು 33 ಪ್ರಥಮ ದರ್ಜೆ ಪಂದ್ಯಗಳಲ್ಲಿ ಇವರ ಗಳಿಕೆ 179 ವಿಕೆಟ್‌ಗಳು.

ನಾಯಕತ್ವದ ಪ್ರಶ್ನೆ

ಹಿರಿತನ ಮತ್ತು ಸಾಧನೆ ಎರಡೂ ಇದ್ದರೂ ಹಿಂದೂ ತಂಡದ ನಾಯಕತ್ವ ಮೇಲ್ಜಾತಿಯವರಿಗೇ ಮೀಸಲಾಗಿತ್ತು. 1920ರಲ್ಲಿ ಬಾಲೂ ಅವರನ್ನು ತಂಡದಿಂದ ಕೈಬಿಟ್ಟು, ವಿಠ್ಠಲರಿಗೆ ನಾಯಕತ್ವ ನಿರಾಕರಿಸಿದಾಗ ಶಿವರಾಮ ಮತ್ತು ವಿಠ್ಠಲ ಪ್ರತಿಭಟಿಸಿ ಹೊರಗುಳಿದರು. ಮುಂದಿನ ಪಂದ್ಯಕ್ಕೆ ಸಹೋದರರನ್ನು ಮರಳಿ ಕರೆಸಿಕೊಂಡು ಬಾಲೂ ಅವರನ್ನು ಉಪನಾಯಕರನ್ನಾಗಿ ನೇಮಿಸಲಾಯಿತು. 1923ರಲ್ಲಿ ವಿಠ್ಠಲರು ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಸಾರ್ವಜನಿಕ ಜೀವನ

ತಾರುಣ್ಯದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಬಾಲೂ ಅವರ ಅಭಿಮಾನಿಯಾಗಿದ್ದರು. ಮುಂದೆ ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಇಬ್ಬರ ನಿಲುವುಗಳು ಬೇರೆಯಾದವು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಸಹ ಒಬ್ಬರು. 1937ರ ಮುಂಬಯಿ ಶಾಸನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ಅವರ ವಿರುದ್ಧವೇ ಸ್ಪರ್ಧಿಸಿದರು. ಅಂಬೇಡ್ಕರ್ 13,245 ಮತಗಳನ್ನೂ ಬಾಲೂ 11,225 ಮತಗಳನ್ನೂ ಪಡೆದರು.

ನಿಧನ ಮತ್ತು ಮಹತ್ವ

ಬಾಲೂ ಅವರು 1955ರಲ್ಲಿ ಮುಂಬಯಿಯಲ್ಲಿ ನಿಧನರಾದರು. ಅಮೆರಿಕದ ಜಾಕಿ ರಾಬಿನ್ಸನ್ 1947ರಲ್ಲಿ ವರ್ಣಭೇದದ ಅಡ್ಡಗೋಡೆ ದಾಟಿ ಮೇಜರ್ ಲೀಗ್ ಬೇಸ್‌ಬಾಲ್ ಪ್ರವೇಶಿಸಿದ್ದು ಜಗತ್ಪ್ರಸಿದ್ಧ. ಅದಕ್ಕಿಂತ ಹಲವು ದಶಕ ಮೊದಲೇ ಬಾಲೂ ಜಾತಿಯ ಗೋಡೆಯನ್ನು ಎದುರಿಸಿದ್ದರು. ವಿಠ್ಠಲರು ಮರಾಠಿಯಲ್ಲಿ ಬರೆದ ಆತ್ಮಕಥೆ ಹಾಗೂ ಇತಿಹಾಸಕಾರ ರಾಮಚಂದ್ರ ಗುಹಾ ಅವರ ಬರಹಗಳಿಂದ ಈ ಸಹೋದರರ ಜೀವನ ಮರಳಿ ಬೆಳಕಿಗೆ ಬಂದಿದೆ.