ಮೂವತ್ತು ವಾಟಿನ ಮೇಷ್ಟ್ರು

ಆಕಾಶವಾಣಿ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಕ್ವಿಜ್‌ನಲ್ಲಿ ಕೇಳಿದರೆ ನಮ್ಮ ಕಾಲೇಜಿನ ಅರ್ಧ ಜನ ದೆಹಲಿ ಅಂತಾರೆ. ಸರಿಯಾದ ಉತ್ತರ ಮೈಸೂರು. ಇನ್ನೂ ನಿಖರವಾಗಿ ಹೇಳಬೇಕು ಅಂದ್ರೆ ಮೈಸೂರಿನ ಒಂದು ಮನೆ, ಹೆಸರು ವಿಠ್ಠಲ ವಿಹಾರ. ಆ ಮನೆಯ ಯಜಮಾನರು ಡಾ. ಎಂ.ವಿ. ಗೋಪಾಲಸ್ವಾಮಿ. ಅವರು ಎಂಜಿನಿಯರ್ ಅಲ್ಲ, ಸೈಕಾಲಜಿ ಮೇಷ್ಟ್ರು. ಇದೊಂದೇ ನಮಗೆ ಸ್ವಲ್ಪ ಹೊಟ್ಟೆ ಉರಿಸೋ ವಿಷಯ!

ಅವರ ಬಗ್ಗೆ ಓದೋಕೆ ಶುರು ಮಾಡಿದ್ದಕ್ಕೆ ಕಾರಣ ಸಂಘದ ಮೀಟಿಂಗ್. ನಮಗೊಂದು ಪೋರ್ಟಬಲ್ ರೇಡಿಯೋ ಬೇಕು, ಅದರಲ್ಲಿ ಹಾಡು ರೆಕಾರ್ಡ್ ಆಗಬೇಕು, ಸ್ಯಾಟಲೈಟ್ ರೇಡಿಯೋ ಆದ್ರೆ ಇನ್ನೂ ಚೆಂದ, ದೇವರಾಯನದುರ್ಗದ ತುದಿಯಲ್ಲೂ ಸಿಗ್ನಲ್ ಹಿಡಿಯಬೇಕು ಅಂತ ಎರಡು ವಾರ ವಾದ ನಡೆಯಿತು. ವಾದವನ್ನೆಲ್ಲ ಸೋಸಿದಾಗ ಎರಡೇ ಪ್ರಶ್ನೆ ಉಳಿದವು. ನಾಳೆಯೂ ಆ ಸ್ಟೇಷನ್ ಇರುತ್ತಾ? ಕೇಳಿದ್ದು ನಮ್ಮ ಹತ್ತಿರ ಉಳಿಯುತ್ತಾ? ಈ ಎರಡನ್ನೂ ಗೋಪಾಲಸ್ವಾಮಿಯವರು ತೊಂಬತ್ತು ವರ್ಷದ ಹಿಂದೆ, ಕೇಳುಗರಾಗಿ ಅಲ್ಲ, ಸ್ಟೇಷನ್ ನಡೆಸೋರಾಗಿ ಎದುರಿಸಿದ್ದರು.

ಅವರು ಲಂಡನ್ನಿನಲ್ಲಿ ಮನಃಶಾಸ್ತ್ರ ಓದಿ ಬಂದವರು. ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲ್. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದಾಗ ಅದರ ಮುಖ್ಯಸ್ಥರಾಗಿ ಬಂದವರು ಗೋಪಾಲಸ್ವಾಮಿ. ಇಡೀ ದೇಶದಲ್ಲಿ ಇಂಥ ವಿಭಾಗ ಕಲ್ಕತ್ತಾ ಬಿಟ್ಟರೆ ಬೇರೆ ಕಡೆ ಇರಲಿಲ್ಲ. ಪಶ್ಚಿಮದ ಬುದ್ಧಿಮತ್ತೆಯ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದೋ ಹಾಗೆ ಬದಲಾಯಿಸಿದರು, ಪ್ರಾಣಿಗಳ ನಡವಳಿಕೆ ನೋಡೋಕೆ ಒಂದು ಲ್ಯಾಬ್ ಕಟ್ಟಿದರು. ಭಾರತದಲ್ಲಿ ಅಂಥ ಲ್ಯಾಬ್ ಅದೇ ಮೊದಲು. ಇಷ್ಟಕ್ಕೇ ನಿಂತಿದ್ದರೂ ಪಠ್ಯಪುಸ್ತಕದಲ್ಲಿ ಒಂದು ಪ್ಯಾರಾ ಅವರಿಗೆ ಸಿಗುತ್ತಿತ್ತು.

ನಿಲ್ಲಲಿಲ್ಲ. 1935ರ ಸೆಪ್ಟೆಂಬರ್ 10ರಂದು ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿಬಿಟ್ಟರು. ಶಕ್ತಿ ಎಷ್ಟು ಗೊತ್ತಾ? 30 ವಾಟ್. ನಮ್ಮ ಹಾಸ್ಟೆಲ್ಲಿನ ಹಳೇ ಸೀಲಿಂಗ್ ಫ್ಯಾನ್ ಇದರ ಎರಡರಷ್ಟು ತಿನ್ನುತ್ತೆ. ಇವತ್ತು ತುಮಕೂರಿನಲ್ಲಿ ಕುಳಿತು ನಾವು ಕೇಳೋ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಸ್ಟೇಷನ್ 200 ಕಿಲೋವಾಟಿನದು. ಲೆಕ್ಕ ಹಾಕಿದರೆ ಆರು ಸಾವಿರದ ಆರುನೂರು ಪಟ್ಟಿಗೂ ಹೆಚ್ಚು.

ಆ ಕಾಲ ಹೇಗಿತ್ತು ಅಂತ ನೋಡಿದರೆ ಮೇಷ್ಟ್ರ ಧೈರ್ಯ ಅರ್ಥ ಆಗುತ್ತೆ. 1927ರಲ್ಲಿ ಬಾಂಬೆಯಲ್ಲಿ ಪ್ರಸಾರ ಶುರು ಮಾಡಿದ್ದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷಕ್ಕೆ ದಿವಾಳಿಯಾಗಿ ಸರ್ಕಾರದ ಕೈ ಸೇರಿತ್ತು. ದೆಹಲಿಯಲ್ಲಿ ಇನ್ನೂ ಸ್ಟೇಷನ್ನೇ ಇರಲಿಲ್ಲ, ಅದು ಬಂದಿದ್ದು 1936ರ ಜನವರಿ 1ಕ್ಕೆ. ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು ಬಂದಿದ್ದು ಅದೇ ವರ್ಷದ ಜೂನ್‌ನಲ್ಲಿ. ದೊಡ್ಡ ಕಂಪನಿಯೇ ಕೈಸುಟ್ಟುಕೊಂಡಿದ್ದ ಕೆಲಸಕ್ಕೆ ಸಂಬಳದ ಮೇಷ್ಟ್ರೊಬ್ಬರು ಸ್ವಂತ ದುಡ್ಡು ಹಾಕಿದರು. ಮನೆಯವರು ಏನಂದರೋ, ನಮ್ಮ ಮನೆಯಲ್ಲಾಗಿದ್ದರೆ ಖಂಡಿತ ಬೈಗುಳ ಬೀಳುತ್ತಿತ್ತು.

ಮೊದಲು ಮೈಕ್ ಮುಂದೆ ಕುಳಿತವರು ಕುವೆಂಪು. ಆಗ ಅವರಿಗೆ ಮೂವತ್ತು ವರ್ಷ, ಅದೇ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು. ತಮ್ಮ ಕವಿತೆಗಳನ್ನು ಓದಿದರು. ಸ್ಟೇಷನ್ ನಡೆಸೋಕೆ ಜೊತೆಯಾದ ಇನ್ನೊಬ್ಬರು ನಾ. ಕಸ್ತೂರಿ. ಕೇರಳದಿಂದ ಬಂದು, ಕನ್ನಡ ಕಲಿತು, ಅನರ್ಥಕೋಶ ಬರೆದು ಕನ್ನಡಿಗರನ್ನೇ ನಗಿಸಿದವರು. ಆಕಾಶವಾಣಿ ಅನ್ನೋ ಹೆಸರನ್ನು ಸೂಚಿಸಿದವರು ಕಸ್ತೂರಿಯವರೇ ಅನ್ನೋದು ರೂಢಿಯ ಮಾತು. ಪುರಾಣದಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯ ಪದವನ್ನು ತಂದು ಮಿಣಕು ಟ್ರಾನ್ಸ್‌ಮಿಟರ್‌ಗೆ ಕಟ್ಟಿದರಲ್ಲ, ಅದು ಎಂಥ ಜಾಣತನ!

ಸೈಕಾಲಜಿ ಮೇಷ್ಟ್ರಿಗೆ ರೇಡಿಯೋ ಯಾಕೆ? ನಮಗೆ ಅನ್ನಿಸೋದು ಹೀಗೆ: ಅವರು ಕಾಣದ ಮನಸ್ಸನ್ನು ಅಳೆಯೋ ಕೆಲಸದವರು. ಓದು ಬಾರದವರ ಕಿವಿಗೂ ಪಾಠ, ಹಾಡು ತಲುಪಿಸಬಹುದು ಅನ್ನೋ ಯಂತ್ರ ಕಂಡಾಗ ಅಂಥವರಿಗೆ ಸುಮ್ಮನಿರೋಕೆ ಆಗಲ್ಲ.

ಈಗ ರೆಕಾರ್ಡಿಂಗ್ ವಿಷಯಕ್ಕೆ ಬರೋಣ. ಅಂದಿನ ಪುಟ್ಟ ಸ್ಟೇಷನ್ನುಗಳಲ್ಲಿ ಮನುಷ್ಯರ ಕಾರ್ಯಕ್ರಮ ಅಂದ್ರೆ ನೇರಪ್ರಸಾರವೇ. ಹಾಡುಗಾರರು ಬರಬೇಕು, ಹಾಡಬೇಕು, ಹೋಗಬೇಕು. ಸೆಟ್ ಮುಂದೆ ಇದ್ದವರಿಗೆ ದಕ್ಕಿತು, ಇಲ್ಲದವರಿಗೆ ಇಲ್ಲ. ಮಜಾ ಅಂದ್ರೆ, ವಿಠ್ಠಲ ವಿಹಾರದಲ್ಲಿ ಪ್ರಸಾರ ಶುರುವಾಗೋದಕ್ಕೆ ಕೆಲವೇ ವಾರ ಮುಂಚೆ, 1935ರ ಆಗಸ್ಟ್‌ನಲ್ಲಿ, ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಎಇಜಿ ಕಂಪನಿ ಟೇಪ್ ಮೇಲೆ ದನಿ ಹಿಡಿಯೋ ಮ್ಯಾಗ್ನೆಟೋಫೋನ್ ಯಂತ್ರವನ್ನು ಜನಕ್ಕೆ ತೋರಿಸಿತ್ತು. ಪ್ರದರ್ಶನ ನಡೀತಿರುವಾಗಲೇ ಬೆಂಕಿ ಬಿದ್ದು ಆ ಯಂತ್ರಗಳು ಸುಟ್ಟುಹೋದವು. ಟೇಪ್ ತಂತ್ರಜ್ಞಾನ ಜರ್ಮನಿಯ ಆಚೆ ಹರಡಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಅಂದ್ರೆ ಗೋಪಾಲಸ್ವಾಮಿಯವರು ಸ್ಟೇಷನ್ ನಡೆಸಿದಷ್ಟು ಕಾಲವೂ ಟೇಪ್ ಅವರ ಕೈಗೆ ಎಟುಕೋ ವಸ್ತು ಆಗಿರಲಿಲ್ಲ.

ಉಳಿದದ್ದು ಸ್ಟೇಷನ್. ಆಮೇಲೆ 250 ವಾಟಿನ ಟ್ರಾನ್ಸ್‌ಮಿಟರ್ ಬಂತು, ಖರ್ಚೂ ಬೆಳೀತು. ಸುಮಾರು ಆರು ವರ್ಷ ಎಳೆದ ಮೇಲೆ ಒಬ್ಬರ ಜೇಬಿಗೆ ಅದು ಭಾರ ಆಯಿತು. ಇಂಥ ಕಡೆಯೇ ಎಷ್ಟೋ ಹವ್ಯಾಸಿ ಸ್ಟೇಷನ್ನುಗಳು ಸತ್ತಿದ್ದು. ಇಲ್ಲಿ ಹಾಗಾಗಲಿಲ್ಲ. ಮೈಸೂರು ನಗರಸಭೆ ಕೈ ಕೊಟ್ಟಿತು, 1942ರಲ್ಲಿ ಸಂಸ್ಥಾನದ ಸರ್ಕಾರವೇ ವಹಿಸಿಕೊಂಡಿತು. ಕಟ್ಟಿದ್ದನ್ನು ಬಿಟ್ಟುಕೊಡೋದು ಸುಲಭ ಅಲ್ಲ, ಮೇಷ್ಟ್ರು ಬಿಟ್ಟುಕೊಟ್ಟರು. 1950ರ ಏಪ್ರಿಲ್ 1ಕ್ಕೆ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರ ನವೆಂಬರ್‌ನಲ್ಲಿ ಸ್ಟೇಷನ್ ಬೆಂಗಳೂರಿಗೆ ಹೋಯಿತು, ಮೈಸೂರಿಗೆ ಮತ್ತೆ ಬಂದಿದ್ದು 1974ರಲ್ಲಿ. ಈ ನಡುವೆ ಮೈಸೂರಿನ ಮನೆಯ ಹೆಸರನ್ನು ಇಡೀ ದೇಶದ ರೇಡಿಯೋ ತನ್ನದು ಮಾಡಿಕೊಂಡಿತ್ತು. 2023ರಲ್ಲಂತೂ ಪ್ರಸಾರ ಭಾರತಿ ಆಲ್ ಇಂಡಿಯಾ ರೇಡಿಯೋ ಅನ್ನೋದನ್ನೇ ಬಿಟ್ಟು ಆಕಾಶವಾಣಿ ಒಂದನ್ನೇ ಬಳಸಿ ಅಂತ ಹೇಳಿತು.

ಇದರ ಪಕ್ಕದಲ್ಲಿ ವರ್ಲ್ಡ್‌ಸ್ಪೇಸ್ ಇಟ್ಟು ನೋಡಿ. ಭಾರತದ ಆಫೀಸು ನಮ್ಮ ಬೆಂಗಳೂರಿನಲ್ಲೇ ಇದ್ದ ಸ್ಯಾಟಲೈಟ್ ರೇಡಿಯೋ. 2000ದ ಮಾರ್ಚ್‌ನಲ್ಲಿ ಏಷ್ಯಾಸ್ಟಾರ್ ಉಪಗ್ರಹ ಹಾರಿತು. ಸ್ಪರ್ಶ ಅಂತ ಕನ್ನಡಕ್ಕೇ ಒಂದು ಚಾನೆಲ್, ಜಾಹೀರಾತಿಗೆ ಎ.ಆರ್. ರೆಹಮಾನ್, ದನಿ ಗಾಜಿನಷ್ಟು ಸ್ವಚ್ಛ. ಮಾತೃಕಂಪನಿ ದಿವಾಳಿಯಾಗಿ 2009ರ ಕೊನೆಗೆ ಭಾರತದ ಸೇವೆ ನಿಂತಿತು. ಅದನ್ನು ವಹಿಸಿಕೊಳ್ಳೋಕೆ ನಗರಸಭೆಯೂ ಬರಲಿಲ್ಲ, ಮಹಾರಾಜರೂ ಬರಲಿಲ್ಲ. ಆ ಸೆಟ್ಟುಗಳಲ್ಲಿ ಈಗ ಆ ಚಾನೆಲ್‌ಗಳು ಬರಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಯಾರಾದರೂ ಕೊಡ್ತೀನಿ ಅಂದ್ರೆ ಶೋಕೇಸಿಗೆ ಮಾತ್ರ ತಗೊಳ್ಳಿ. ಅಮೆರಿಕದಲ್ಲಿ ರೆಕಾರ್ಡ್ ಮಾಡೋ ಪೋರ್ಟಬಲ್ ಸ್ಯಾಟಲೈಟ್ ರೇಡಿಯೋ ನಿಜವಾಗಿ ಬಂದಿತ್ತು, 2006ರ ಪಯನೀರ್ ಇನ್ನೋ. ಹಾಡು ಉಳಿಸಿಕೊಳ್ಳೋ ಅದೇ ಸೌಲಭ್ಯಕ್ಕಾಗಿ ರೆಕಾರ್ಡ್ ಕಂಪನಿಗಳು ಆ ರೇಡಿಯೋ ಸೇವೆಯ ಮೇಲೆ ಕೇಸು ಹಾಕಿದವು. ಅದರ ಸಿಗ್ನಲ್ ಇಲ್ಲಿಗೆ ಬರೋದೂ ಇಲ್ಲ.

ದೇವರಾಯನದುರ್ಗದ ವಾದಕ್ಕೂ ಉತ್ತರ ಹೇಳಿಬಿಡ್ತೀವಿ. ಏಷ್ಯಾಸ್ಟಾರ್ ಇದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ತುಮಕೂರಿನಿಂದ ನೋಡಿದರೆ ಪೂರ್ವಕ್ಕೆ ಸ್ವಲ್ಪ ದಕ್ಷಿಣವಾಗಿ, ಸುಮಾರು 54 ಡಿಗ್ರಿ ಎತ್ತರದಲ್ಲಿ. ಮೂವತ್ತಾರು ಸಾವಿರ ಕಿಲೋಮೀಟರ್ ದೂರದ ಉಪಗ್ರಹಕ್ಕೆ ನೀವು ನಾಮದ ಚಿಲುಮೆಯಲ್ಲಿ ನಿಂತರೂ ಅಷ್ಟೇ, ಯೋಗಾನರಸಿಂಹನ ಗುಡಿಯ ಹತ್ತಿರ ನಿಂತರೂ ಅಷ್ಟೇ. ಬಂಡೆಯೋ ಮರವೋ ಅಡ್ಡ ಬರದಿದ್ದರೆ ಸಾಕು. ಬೆಟ್ಟ ಹತ್ತಿದ್ದಕ್ಕೆ ಲಾಭ ಸಿಗೋದು ಎಫ್‌ಎಂಗೆ, ಅದು ನೇರ ದೃಷ್ಟಿಯ ಆಟ. ಈಗಲೂ ಆಕಾಶವಾಣಿಯ ಚಾನೆಲ್‌ಗಳು ಉಪಗ್ರಹದ ಮೂಲಕ ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತವೆ, ಆದರೆ ಡಿಶ್ ಹೊತ್ತುಕೊಂಡು ಟ್ರೆಕ್ ಹೋಗೋಕಾಗುತ್ತಾ?

ಹಾಗಾಗಿ ಸಂಘ ಆರಿಸಿದ್ದು ಮೀಡಿಯಂ ವೇವ್, ಎಫ್‌ಎಂ ಎರಡೂ ಇರೋ, ಮೆಮೊರಿ ಕಾರ್ಡಿಗೆ ನೇರವಾಗಿ ರೆಕಾರ್ಡ್ ಮಾಡೋ ಬಟನ್ ಇರೋ, ಸೆಲ್ ಹಾಕಿ ನಡೆಯೋ ಸಾದಾ ಸೆಟ್. ಸ್ಯಾಟಲೈಟ್ ಬೇಕೇ ಬೇಕು ಅಂದ ಇಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ. ಬರೋ ಸೆಪ್ಟೆಂಬರ್ 10ಕ್ಕೆ ಅದನ್ನು ದುರ್ಗಕ್ಕೆ ತಗೊಂಡು ಹೋಗಿ 612ಕ್ಕೆ ತಿರುಗಿಸಿ, ಅವತ್ತು ಬೆಳಗ್ಗೆ ಏನು ಬರುತ್ತೋ ಅದನ್ನೇ ಒಂದು ಗಂಟೆ ರೆಕಾರ್ಡ್ ಮಾಡೋದು ಅಂತ ತೀರ್ಮಾನ ಆಗಿದೆ. ಬಜೆಟ್ ಮಾತ್ರ ಇನ್ನೂ ಪಾಸಾಗಿಲ್ಲ.